ಕೂಸಿನ ದಡದ ಲಕ್ಕಿ

ಮಾರ್ಲಮಿ ಹಬ್ಬ ಬಂತೆಂದರೆ ಭಾಗ್ಯಮ್ಮನ ಮನೆಯಲ್ಲಿ ಎರಡು ಎಡೆ. ಒಂದು ನಡುಮನೆಯಲ್ಲಿ, ತೀರಿಕೊಂಡ ಹಿರಿಯರಿಗೆ. ಅದರಲ್ಲಿ ಕಜ್ಜಾಯ, ಕೋಳಿಸಾರು, ಹೊಸ ಪಂಚೆ, ಮಾವ ಸೇದುತ್ತಿದ್ದ ಬೀಡಿಯ ಕಟ್ಟು, ಏನುಂಟು ಏನಿಲ್ಲ. ಇನ್ನೊಂದು ಪುಟ್ಟದು, ಬಾಳೆಲೆಯ ತುದಿಯಷ್ಟೇ. ಅದನ್ನು ಅವಳು ಸೆರಗಿನಡಿ ಮುಚ್ಚಿಕೊಂಡು, ಹೊಲದ ಬದು ಹಿಡಿದು, ಯಾರೊಂದಿಗೂ ಮಾತಾಡದೆ ಹೊಳೆಯ ಕಡೆಗೆ ನಡೆಯುತ್ತಿದ್ದಳು. ಅದು ಚಿನ್ನುವಿನ ಎಡೆ.

ಚಿನ್ನು ಅವಳ ಮಗಳು. ನಾಲಗೆ ಪೂರ್ತಿ ತಿರುಗುವ ಮೊದಲೇ ಜ್ವರ ಬಂದು ಹೋದ ಕೂಸು. ಬದುಕಿದ್ದಷ್ಟು ದಿನ ಆ ಮಗುವಿಗೆ ಒಂದೇ ಚಾಳಿ, ಮಣ್ಣು ತಿನ್ನುವುದು. ಗೋಡೆ ಕೆರೆದು ತಿನ್ನುತ್ತಿತ್ತು. ಮಳೆ ಬಿದ್ದ ಅಂಗಳದ ಮಣ್ಣನ್ನು ಬೆರಳಲ್ಲಿ ತೆಗೆದು ಬೆಣ್ಣೆಯಂತೆ ನೆಕ್ಕುತ್ತಿತ್ತು. ಭಾಗ್ಯಮ್ಮ ಬಾಯಿಗೆ ಬೆರಳು ಹಾಕಿ ತೆಗೆಯುವಳು, ಕೈಗೆ ಬೇವಿನೆಣ್ಣೆ ಹಚ್ಚುವಳು, ಅದಕ್ಕೂ ಬಗ್ಗದಿದ್ದರೆ ಕುಂಡೆಗೆ ಎರಡು ಬಿಡುವಳು. ಅತ್ತೆ ಕುಳ್ಳಮ್ಮ ಜಗಲಿಯ ಮೇಲೆ ಕೂತು ನಗುವಳು.

"ಬುಡೇ ಬಾಗಿ, ಯಾಕಂಗ್ ಒಡೀತೀಯ? ಅದೇನ್ ಊರ್ ಮಣ್ಣನ್ನೆಲ್ಲಾ ತಿಂದ್ ಮುಗಿಸ್ಬುಟ್ಟದಾ? ನಿನ್ ಗಂಡನೂ ಅಂಗೇ ತಿಂತಿದ್ದ. ಈಗ ನೋಡು, ಕ್ವಾಣ ಆದಂಗ್ ಆಗವ್ನೆ."

"ಅದ್ಕೇ ಕಣತ್ತೆಮ್ಮ ತಲೇಲೂ ಅದೇ ತುಂಬ್ಕಂಡದೆ" ಎನ್ನುವಳು ಭಾಗ್ಯಮ್ಮ. ಗಂಡ ಮಂಟಯ್ಯ ಕೇಳಿಯೂ ಕೇಳದವನಂತೆ ಎತ್ತಿಗೆ ಹುಲ್ಲು ಹಾಕಲು ಹೋಗುವನು.

ಜ್ವರ ಬಂದಾಗ ಹುಣಸೂರಿಗೆ ಎತ್ತಿಕೊಂಡು ಹೋದರು. ಸೂಜಿ ಹಾಕಿಸಿದರು. ಬಸ್ಸಿನಲ್ಲಿ ವಾಪಸು ಬರುವಾಗ ಮಗು ತಣ್ಣಗಾಗಿತ್ತು. ಜ್ವರ ಬಿಟ್ಟಿತು ಅಂದುಕೊಂಡು ಭಾಗ್ಯಮ್ಮ ಇನ್ನೂ ಬಿಗಿಯಾಗಿ ಸೆರಗು ಹೊದಿಸಿದಳು.

ಅವರೂರು ಕಟ್ಟೆಮಳಲವಾಡಿಯ ಕೆಳಗೆ ಲಕ್ಷ್ಮಣತೀರ್ಥ ಹೊಳೆ ಒಂದು ಕಡೆ ಸೊಂಟ ತಿರುವಿದಂತೆ ಬಳುಕುತ್ತದೆ. ಆ ತಿರುವಿನ ಎತ್ತರದ ದಡಕ್ಕೆ ಕೂಸಿನ ದಡ ಎಂದೇ ಹೆಸರು. ದೊಡ್ಡವರು ಸತ್ತರೆ ಅವರವರ ಹೊಲದಲ್ಲಿ ಜಾಗ. ಹಾಲುಹಲ್ಲು ಬೀಳುವ ಮೊದಲೇ ಸತ್ತ ಕೂಸುಗಳಿಗೆಲ್ಲ ಈ ದಡ. ಯಾರು ಯಾರ ಮಗು ಎಲ್ಲೆಲ್ಲಿದೆ ಎಂದು ಗಂಡಸರಿಗೆ ಗೊತ್ತಿರುತ್ತಿರಲಿಲ್ಲ. ಹೆಂಗಸರಿಗೆ ಗೊತ್ತಿತ್ತು. ಬಟ್ಟೆ ಒಗೆಯಲು ಬಂದಾಗ ಒಬ್ಬೊಬ್ಬಳ ಕಣ್ಣು ಒಂದೊಂದು ಕಡೆಗೆ ಹೋಗಿ ಬರುತ್ತಿತ್ತು.

ಕೂಸಿನ ದಡದ ಮೇಲ್ತುದಿ ಮಂಟಯ್ಯನ ಹೊಲಕ್ಕೆ ತಾಗಿಕೊಂಡಿತ್ತು. ಹೊಲಕ್ಕೂ ಹೊಳೆಗೂ ನಡುವೆ ಸಾಲಾಗಿ ಹೊಳೆಮತ್ತಿ, ಹೊಂಗೆ, ಒಂದು ಮುದಿ ನೇರಳೆ. ಚಿನ್ನುವನ್ನು ಆ ಮರಗಳ ನೆರಳಿಗೇ ಮಲಗಿಸಿದರು, ನಮ್ಮ ಹೊಲದಿಂದ ಕೂಗಿದರೆ ಕೇಳುವಷ್ಟು ಹತ್ತಿರ ಇರಲಿ ಎಂದು. ಮೇಲೆ ಜಾಲಿಮುಳ್ಳು ಹೊದಿಸಿ ಕಲ್ಲು ಹೇರಿದ ಮೇಲೆ ಕುಳ್ಳಮ್ಮ ಹೊಳೆಯಂಚಿನಿಂದ ಒಂದು ಲಕ್ಕಿಕಡ್ಡಿ ಮುರಿದು ತಂದು ತಲೆದೆಸೆಗೆ ನೆಟ್ಟಳು.

"ಈ ವಾಸ್ನೆಗೆ ನರಿ ಬರಾಕಿಲ್ಲ ಕಣವ್ವ. ಇನ್ ನೀನು ಅಳ್ಬ್ಯಾಡ. ಮಣ್ಣು ಅಂದ್ರೆ ಆಸೆ ಪಡ್ತಿತ್ತು. ಬೇಕಾದಷ್ಟು ತಿನ್ಲಿ."

ಅಳಬೇಡ ಎಂದವಳೇ ಅಲ್ಲಿ ಎಲ್ಲರಿಗಿಂತ ಜೋರಾಗಿ ಅತ್ತಳು.

ಹಾಲುತುಪ್ಪ ಬಿಡಲು ಬಂದ ದಿನ ಆ ಕಡ್ಡಿ ಬಾಡಿ ಜೋತಿತ್ತು. ಮುಂಗಾರು ಹಿಡಿದ ಮೇಲೆ ನೋಡಿದರೆ ಐದೈದು ಬೆರಳಿನಂಥ ಎಲೆ ಬಿಟ್ಟುಕೊಂಡು ನಿಂತಿತ್ತು. ಲಕ್ಕಿ ಹಾಗೇ, ಹೊಳೆಯ ಮಣ್ಣಿಗೆ ಚುಚ್ಚಿದರೆ ಸಾಕು. ಅಲ್ಲಿಂದ ಪ್ರತಿ ಮಾರ್ಲಮಿಗೂ ಭಾಗ್ಯಮ್ಮ ಅದರ ಬುಡದಲ್ಲಿ ಎಲೆ ಹಾಸಿ, ಒಂದು ಕಜ್ಜಾಯ, ಒಂದು ಹಿಡಿ ಅನ್ನ, ಮೇಲೆ ಒಂದು ಚೂರು ಬೆಲ್ಲ ಇಟ್ಟು, ಎದ್ದು, ತಿರುಗಿ ನೋಡದೆ ಬರುತ್ತಿದ್ದಳು. ಆಮೇಲೆ ಅವಳಿಗೆ ಮಕ್ಕಳಾಗಲಿಲ್ಲ. ಊರಿನವರು ಏನೇನೋ ಅಂದರು. ಅವಳಿಗೆ ಅದೊಂದು ಜಾಗ ಇತ್ತು, ಅಷ್ಟು ಸಾಕಿತ್ತು.

ತೊಂಬತ್ತೇಳರ ಮಳೆಗಾಲ. ಹೊಗೆಸೊಪ್ಪು ಚೆನ್ನಾಗಿ ಬಂದಿತ್ತು. ಮಂಟಯ್ಯನ ಬ್ಯಾರನ್ನಿನಲ್ಲಿ ಹಸಿ ಎಲೆಯನ್ನು ಕಡ್ಡಿಗೆ ಪೋಣಿಸಿ ಅಟ್ಟದಿಂದ ಅಟ್ಟಕ್ಕೆ ತೂಗುಹಾಕಿ ಬೆಂಕಿ ಹೊತ್ತಿಸಿದ್ದರು. ಸೊಪ್ಪು ಬೇಯಿಸುವ ಈ ಮನೆಯ ಬೆಂಕಿ ಹಸುಗೂಸಿದ್ದಂತೆ. ಹೆಚ್ಚಾದರೂ ಆಗದು, ಕಮ್ಮಿಯಾದರೂ ಆಗದು, ಒಂದು ಗಳಿಗೆ ಬಿಟ್ಟು ಹೋಗುವಂತಿಲ್ಲ. ಎಲೆ ಹಳದಿಗೆ ತಿರುಗುವ ಹೊತ್ತಿನಲ್ಲಿ ಕಾವು ಬಿದ್ದರೆ ಮುಗಿಯಿತು, ಇಡೀ ಮನೆ ಸೊಪ್ಪು ಕಪ್ಪಿಟ್ಟು ಗೊಬ್ಬರದ ಗುಂಡಿಗೆ.

ಆ ಸಲ ಮಳೆ ಬಿಡಲೇ ಇಲ್ಲ. ಪಿರಿಯಾಪಟ್ಟಣದ ಕಡೆಯಿಂದ ಬರಬೇಕಿದ್ದ ಸೌದೆ ಲಾರಿ ದಾರಿಯಲ್ಲಿ ಹೂತುಕೊಂಡಿತು. ಒಟ್ಟಿದ್ದ ಸೌದೆಯಲ್ಲಿ ಮೇಲಿನದು ನೆಂದು, ಕೆಳಗಿನದು ಮುಗಿದು, ಒಲೆಯ ಬಾಯಿ ಬುಸುಗುಟ್ಟತೊಡಗಿತು. ಎಲೆ ಆಗತಾನೆ ಹಳದಿಯಾಗುತ್ತಿತ್ತು.

ಮಂಟಯ್ಯ ಕೊಡಲಿ ಹಿಡಿದು ದಡದ ಸಾಲಿನ ಕಡೆ ನೋಡಿದ. ಹೊಂಗೆ ಹಸಿಯಾದರೂ ಉರಿಯುತ್ತದೆ.

"ಕೊಂಬೆ ಉರಿದು ಎಷ್ಟೊತ್ತು ನಿಂತದು?" ಎಂದಳು ಭಾಗ್ಯಮ್ಮ. "ಬೊಡ್ಡೆ ಕೀಳ್ರಿ. ಬೊಡ್ಡೆ ಬೇರಿನ ಬೆಂಕಿ ಆರಾಕಿಲ್ಲ. ಹೊಲಕ್ಕೆ ನೆರಳು ಬೀಳಾದೂ ತಪ್ತದೆ."

"ಬೊಡ್ಡೆ ಕೀಳಾದು ನಾನೊಬ್ಬನೇ ಆಗ್ತದಾ?"

"ಚಿಕ್ಕಸಿದ್ದಮ್ಮನ್ನೂ ಕರೀತೀನಿ. ಅವಳ ಸೊಪ್ಪೂ ನಮ್ ಬ್ಯಾರನ್ನಲ್ಲೇ ತಾನೆ ಬೇಯ್ತಾ ಇರಾದು?"

ಪಕ್ಕದ ಮನೆಯ ಚಿಕ್ಕಸಿದ್ದಮ್ಮ ಗೋಣಿಚೀಲ ಕೊಪ್ಪೆ ಹಾಕಿಕೊಂಡು ಗಂಡನೊಂದಿಗೆ ಬಂದಳು. ಭಾಗ್ಯಮ್ಮನಿಗಿಂತ ಕಿರಿಯಳು, ಬಾಯಿ ಮಾತ್ರ ಹಿರಿದು. "ಬಾಗ್ಯಕ್ಕ, ನಿನ್ ಗಂಡ ಆರೆ ಎತ್ತಾದ್ ನೋಡು, ಒಳ್ಳೆ ಪಾತ್ರೆ ಉಜ್ಜೋನ್ ತರ" ಎಂದು ನಗಿಸುತ್ತಾ ಬೇರು ಹೊತ್ತಳು. ಸೊಪ್ಪು ಬೆಳೆಯುವ ಊರುಗಳಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಿದ್ದರು, ಬೇರಿನ ಕೆಂಡಕ್ಕೆ ಸಮನಿಲ್ಲ ಎಂದು. ಕುಳ್ಳಮ್ಮ ಕೂಡ ಬೇಡ ಅನ್ನಲಿಲ್ಲ. ಹೊಂಗೆ, ಮತ್ತಿ, ಒಂದೊಂದೇ ಬುಡ ಸಡಿಲಾಗಿ, ಮಣ್ಣಿನ ಹೆಂಟೆ ಸಮೇತ ಕಿತ್ತು ಬಂತು. ಬೇರಿನ ಮಣ್ಣನ್ನು ಹಾರೆಯ ಹಿಂಬದಿಯಿಂದ ತಟ್ಟಿ ತಟ್ಟಿ ಉದುರಿಸಿ ಒಲೆಗೆ ಹಾಕಿದರು. ಚಿನ್ನುವಿನ ಲಕ್ಕಿಯನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಮುದಿ ನೇರಳೆ ಕೂಸಿನ ದಡದ ಕೆಳತುದಿಯಲ್ಲಿತ್ತು, ಅದಕ್ಕೆ ಬರುವಷ್ಟರಲ್ಲಿ ಲಾರಿ ಬಂತು.

ಸೊಪ್ಪು ಬಂಗಾರದ ಬಣ್ಣಕ್ಕೆ ಬೆಂದಿತು. ಚಿಕ್ಕಸಿದ್ದಮ್ಮ ಒಂದು ಎಲೆಯನ್ನು ಕೆನ್ನೆಗೆ ಒತ್ತಿಕೊಂಡು, "ನನ್ ಮದ್ವೇಲೂ ನಾನಿಷ್ಟ್ ಬೆಳ್ಳಗಿರ್ಲಿಲ್ಲ ಕಣಕ್ಕ" ಅಂದಳು.

ಮಾರನೇ ವರ್ಷ ಕೊಡಗಿನಲ್ಲಿ ಸುರಿದ ಮಳೆಗೆ ಹೊಳೆ ಕೆಂಪಗೆ ಏರಿ ಬಂತು. ಪ್ರತಿ ವರ್ಷವೂ ಬರುತ್ತಿತ್ತು, ಮರದ ಬುಡಗಳಿಗೆ ಮೈ ಉಜ್ಜಿಕೊಂಡು ತಿರುವಿನಲ್ಲಿ ತಿರುಗಿ ಹೋಗುತ್ತಿತ್ತು. ಈ ಸಲ ಉಜ್ಜಲು ಬುಡಗಳಿರಲಿಲ್ಲ. ಬೊಡ್ಡೆ ಕಿತ್ತ ಗುಂಡಿಗಳಿಗೆ ನೀರು ಬಾಯಿ ಹಾಕಿತು. ಒಂದು ಗುಂಡಿ ಇನ್ನೊಂದಕ್ಕೆ ಸೇರಿತು. ಮೇಲಿನ ಹುಲ್ಲು ಹಸಿರಾಗಿ ಸುಮ್ಮನಿದ್ದಾಗಲೇ ಅಡಿಯ ಮಣ್ಣು ಕರಗಿ ಹೋಗುತ್ತಿತ್ತು.

ಭಾಗ್ಯಮ್ಮ ಬೆಳಿಗ್ಗೆ ಸಗಣಿ ಬಾಚುತ್ತಿದ್ದಾಗ ದೊಡ್ಡ ಗೋಡೆ ಕುಸಿದಂಥ ಸದ್ದು ಕೇಳಿಸಿತು. ಓಡಿದಳು. ಹೊಲದ ಅಂಚು ಒಂದು ಮಾರು ಹಿಂದೆ ಸರಿದಿತ್ತು. ಕಲ್ಲು ಇರಲಿಲ್ಲ. ಮುಳ್ಳು ಕೊಳೆತು ಎಷ್ಟೋ ಕಾಲವಾಗಿತ್ತು. ಇದ್ದ ಜಾಗವೇ ಇರಲಿಲ್ಲ. ಲಕ್ಕಿಯ ಪೊದೆ ಬುಡದ ಹೆಂಟೆ ಸಮೇತ ಕೆಂಪು ನೀರಿನ ಮೇಲೆ ಒಂದು ಸಲ ನೆಟ್ಟಗೆ ನಿಂತು, ಆಮೇಲೆ ಒರಗಿ, ತಿರುಗುತ್ತಾ ಹೋಯಿತು. ಅವಳು ದಡದ ಮೇಲೇ ಅದರ ಸಮಕ್ಕೆ ಓಡಿದಳು. ಮಂಟಯ್ಯ ಹಿಂದಿನಿಂದ ಬಂದು ಸೊಂಟ ಹಿಡಿದುಕೊಂಡ.

"ಬುಡ್ರೀ, ಅಲ್ಲೋಯ್ತಾ ಅದೆ, ಅಲ್ಲೋಯ್ತಾ ಅದೆ!"

"ಓಗ್ಲಿ ಬಾರಮ್ಮಿ. ನಿನ್ನೂ ಕಳ್ಕಳ್ಲಾ ನಾನು?"

ಆ ವರ್ಷದ ಮಾರ್ಲಮಿಗೆ ಚಿನ್ನುವಿನ ಎಡೆಯನ್ನು ಎಲ್ಲಿಡುವುದೆಂದು ಭಾಗ್ಯಮ್ಮನಿಗೆ ತೋಚಲಿಲ್ಲ. ನಡುಮನೆಯಲ್ಲಿ ಹಿರಿಯರ ಎಡೆಯ ಪಕ್ಕ ಇಡು ಎಂದಳು ಕುಳ್ಳಮ್ಮ. ಅಷ್ಟು ದೊಡ್ಡವರ ನಡುವೆ ಆ ಮಗು ಏನು ಉಂಡೀತು? ಎಲೆ ಹಿಡಿದುಕೊಂಡು ಕುಸಿದ ದಡದ ತುದಿಯಲ್ಲಿ ಬಹಳ ಹೊತ್ತು ನಿಂತು, ಕೊನೆಗೆ ಮನೆಗೇ ತಂದಳು. ಕಜ್ಜಾಯವನ್ನು ದನಕ್ಕೆ ಹಾಕಿದಳು. ಕುಳ್ಳಮ್ಮ ಆ ಚಳಿಗಾಲದಲ್ಲಿ ಹಾಸಿಗೆ ಹಿಡಿದು, "ನನ್ ಕೂಸ್ನ ಒಳೇಗ್ ಬುಟ್ರಲ್ಲಾ" ಎಂದು ಅನ್ನುತ್ತಾ ಅನ್ನುತ್ತಾ ಹೋದಳು. ಅದನ್ನು ಅವಳು ಯಾರ ಮುಖ ನೋಡಿಯೂ ಅನ್ನಲಿಲ್ಲ. ಭಾಗ್ಯಮ್ಮ ಮಾತ್ರ ಅದು ತನಗೇ ಅಂದದ್ದು ಎಂದು ಎತ್ತಿಕೊಂಡಳು. ಬೊಡ್ಡೆ ಕೀಳ್ರಿ ಎಂದ ಬಾಯಿ ತನ್ನದೇ ತಾನೆ.

ಬೇಸಿಗೆಯಲ್ಲಿ ನೀರು ಇಳಿದಾಗ ಚಿಕ್ಕಸಿದ್ದಮ್ಮ ಓಡಿಬಂದಳು. "ಬಾಗ್ಯಕ್ಕ, ಬಾ ಇಲ್ಲಿ. ನಾನ್ ಏಳಾಕಿಲ್ಲ, ನೀನೇ ನೋಡು."

ತಿರುವಿನ ಕೆಳಗೆ, ಹೊಳೆಯ ನಡುವೆ, ಆಚೆ ದಡಕ್ಕೆ ತುಸು ಹತ್ತಿರ, ಒಂದು ಬಂಡೆಗೆ ಸಿಕ್ಕಿಕೊಂಡು ಒಂದು ಲಕ್ಕಿಪೊದೆ ಒರಗಿತ್ತು. ಅರ್ಧ ಒಣಗಿತ್ತು. ಇನ್ನರ್ಧ ಚಿಗುರಿತ್ತು. ಅದರ ಹಿಂದೆ, ಕೊಂಬೆಗಳು ನೀರನ್ನು ತಡೆದ ಕಡೆ, ಬಾಲದಂತೆ ಒಂದು ಗುಡ್ಡೆ ಮರಳು ನಿಂತಿತ್ತು.

"ಅದೇ ಅಂತೀಯಾ?" ಎಂದಳು ಭಾಗ್ಯಮ್ಮ.

"ಅದೇ ಅಲ್ದೆ ಇನ್ಯಾವ್ದು?"

ಹೊಳೆಯುದ್ದಕ್ಕೂ ಲಕ್ಕಿ ಉಂಟು. ಯಾವ ಊರ ಲಕ್ಕಿಯಾದರೂ ಇರಬಹುದು. ಚಿಕ್ಕಸಿದ್ದಮ್ಮನಿಗೂ ಅದು ಗೊತ್ತಿತ್ತು.

ಒಂದೊಂದು ಮಳೆಗಾಲಕ್ಕೂ ಆ ಗುಡ್ಡೆ ಬೆಳೆಯಿತು. ಲಕ್ಕಿ ಮಣ್ಣು ಹಿಡಿಯಿತು, ಹಿಡಿದ ಮಣ್ಣಿಗೆ ಇನ್ನಷ್ಟು ಬೇರು ಬಿಟ್ಟಿತು, ಬೇರು ಬಿಟ್ಟಷ್ಟೂ ಮಣ್ಣು ನಿಂತಿತು. ಮೊದಲು ಜೊಂಡು ಬಂತು, ಆಮೇಲೆ ಗರಿಕೆ, ಆಮೇಲೆ ಬೆಳ್ಳಕ್ಕಿ. ಹಕ್ಕಿಯ ಹಿಕ್ಕೆಯಲ್ಲಿ ಬಂದ ಅತ್ತಿಯ ಸಸಿಯೊಂದು ಎದ್ದಿತು. ಏಡಿಗಳು ತೂತು ಕೊರೆದವು. ಎರಡು ಸಾವಿರದ ಐದನೇ ಇಸವಿಯ ಹೊತ್ತಿಗೆ ಅದೊಂದು ತಿಟ್ಟೇ ಆಗಿ, ಒಂದು ಕಣದಷ್ಟು ಅಗಲ ಹರಡಿಕೊಂಡಿತ್ತು.

ಭಾಗ್ಯಮ್ಮನ ಎಡೆಗೆ ಜಾಗ ಸಿಕ್ಕಿತು. ಈ ಕಡೆಯಿಂದ ಹೊಳೆ ಆಳ. ಸೇತುವೆ ಬಳಸಿ ಆಚೆ ದಡಕ್ಕೆ ಹೋಗಿ, ಅಲ್ಲಿನ ಕಾಂತರಾಜುವಿನ ಹೊಲ ದಾಟಿ, ಸೀರೆ ಎತ್ತಿ ಕಟ್ಟಿ ಮೊಣಕಾಲು ನೀರಿನಲ್ಲಿ ನಡೆದರೆ ತಿಟ್ಟು. ಕಾಂತರಾಜು ತಮಾಷೆಯ ಮನುಷ್ಯ, ವಯಸ್ಸಾದರೂ ಹುಡುಗಾಟ ಬಿಟ್ಟವನಲ್ಲ. ಮಂಟಯ್ಯನ ಹೊಲದ ಮಣ್ಣು ಕರಗಿ ತನ್ನ ಕಡೆ ತಿಟ್ಟಾಗಿ ಕೂಡುತ್ತಿರುವುದನ್ನು ನೋಡಿ ಸಂತೆಯಲ್ಲಿ ಅವನನ್ನು ಕಿಚಾಯಿಸುತ್ತಿದ್ದ.

"ಏನ್ಲಾ ಮಂಟ, ನಿನ್ನೊಲ ದಿನಾ ನಮ್ಮನೆ ಕಡೀಕ್ ಓಡ್ ಬತ್ತಾ ಅದೆ? ನಾನೇನೂ ಕರೀಲಿಲ್ಲ ಕಣಪ್ಪ. ವರದಕ್ಷಿಣೇನೂ ಕೇಳ್ಲಿಲ್ಲ."

ಭಾಗ್ಯಮ್ಮನ ಎದುರಿಗೆ ಮಾತ್ರ ಆ ತಮಾಷೆ ಇರಲಿಲ್ಲ. ಅವಳು ಎಲೆ ಹಿಡಿದು ಬಂದರೆ ದಾರಿ ಬಿಟ್ಟು ನಿಂತು, "ಉಸಾರು ಕಣವ್ವ, ಪಾಚಿ ಅದೆ" ಎನ್ನುವನು. ಅವಳು ತಿಟ್ಟಿನ ಮೇಲೆ ಕೂತು ಏಳುವವರೆಗೂ ಎಮ್ಮೆಗಳನ್ನು ಅತ್ತ ಬಿಡುತ್ತಿರಲಿಲ್ಲ.

ಅವಳಿಗೆ ಆ ತಿಟ್ಟು ಬೆಳೆಯುವುದನ್ನು ನೋಡುವುದೇ ಒಂದು ಸುಖ. ಹೋದ ವರ್ಷಕ್ಕಿಂತ ಈ ವರ್ಷ ಎಷ್ಟು ಎತ್ತರ ಎಂದು ಸೊಂಟಕ್ಕೆ, ಎದೆಗೆ ಹಿಡಿದು ನೋಡುವಳು. ಬದುಕಿದ್ದರೆ ಚಿನ್ನುವನ್ನು ಹೀಗೆ ಗೋಡೆಗೆ ನಿಲ್ಲಿಸಿ ನೋಡುತ್ತಿದ್ದಳು. "ಈ ಸಲ ಚೆಂದಾಗ್ ಬೆಳ್ದವಳೆ" ಎಂದು ಒಮ್ಮೆ ಬಾಯಿ ತಪ್ಪಿ ಅಂದಳು. ಮಂಟಯ್ಯ ತಟ್ಟೆಯ ಮುಂದೆ ಮುದ್ದೆ ಮುರಿಯುವುದನ್ನು ನಿಲ್ಲಿಸಿ, ಮತ್ತೆ ಮುರಿದ.

ಆದರೆ ನೀರು ಎಲ್ಲಾದರೂ ಹೋಗಲೇಬೇಕಲ್ಲ. ನಡುವೆ ತಿಟ್ಟು ಕೂತ ಮೇಲೆ ಹೊಳೆ ಅದನ್ನು ಬಳಸಿ ಈಚೆ ಕಡೆಗೆ ತಿರುಗಿತು. ಇಕ್ಕಟ್ಟಿನಲ್ಲಿ ನುಗ್ಗಿ ನೇರವಾಗಿ ಕೂಸಿನ ದಡದ ಎದೆಗೇ ಹೊಡೆಯಿತು. ಮುದಿ ನೇರಳೆಯ ಬೇರುಗಳು ಮುದುಕಿಯ ಕಾಲಿನ ನರಗಳಂತೆ ಹೊರಗೆ ಕಾಣಿಸಿಕೊಂಡವು. ಒಂದು ಮಳೆಗಾಲದಲ್ಲಿ ಅದೇ ಊರಿನ ವಿಮಲಮ್ಮನ ಅವಳಿ ಕೂಸುಗಳ ಜಾಗ ಹೋಯಿತು. ವಿಮಲಮ್ಮ ಯಾರ ಮನೆಗೂ ಬರಲಿಲ್ಲ, ಯಾರನ್ನೂ ಬಯ್ಯಲಿಲ್ಲ. ಬಟ್ಟೆ ಒಗೆಯಲು ಹೊಳೆಗೆ ಬರುವುದನ್ನು ಬಿಟ್ಟು ಬೋರಿನ ಹತ್ತಿರ ಒಗೆಯತೊಡಗಿದಳು. ಅದನ್ನು ನೋಡಿ ಊರಿಗೆ ಅರ್ಥವಾಯಿತು.

ಊರಿನವರು ನೇರಳೆಯ ಕೆಳಗೆ ಸೇರಿದರು. ತಿಟ್ಟಿನ ನಡುವೆ ಕಾಲುವೆ ತೋಡಿ ಲಕ್ಕಿಯ ಬುಡ ಕಿತ್ತರೆ ಹೊಳೆ ಮತ್ತೆ ನೆಟ್ಟಗೆ ಹೋಗುತ್ತದೆ, ಉಳಿದ ದಡ ಉಳಿಯುತ್ತದೆ ಎಂದು ಮಾತಾಯಿತು. ಆದರೆ ಗುದ್ದಲಿ ಎತ್ತುವವರಾರು? ಎಡೆ ಇಟ್ಟ ಜಾಗಕ್ಕೆ ಬೇರೆಯವರು ಗುದ್ದಲಿ ಹಾಕಬಾರದು. ಇಟ್ಟವರೇ ಮೊದಲ ಏಟು ಹಾಕಿ ಅಪ್ಪಣೆ ಕೊಡಬೇಕು. ಅದು ಆ ಊರಲ್ಲಿ ಹಿಂದಿನಿಂದ ನಡೆದುಬಂದದ್ದು. ಕಾಂತರಾಜುವನ್ನು ಕೇಳಿದಾಗ ಅವನೂ ಅದನ್ನೇ ಅಂದ.

"ಬಾಗ್ಯಮ್ಮ ಊ ಅಂದ್ರೆ ನಂದೇನ್ ತಕರಾರಿಲ್ಲ. ಆದ್ರೆ ಕೇಳಾಕೆ ನಾನ್ ಬರಾಕಿಲ್ಲ ಕಣ್ರಪ್ಪಾ."

ಯಾರೂ ಹೋಗಲಿಲ್ಲ. ಕೊನೆಗೆ ಬಂದವಳು ಚಿಕ್ಕಸಿದ್ದಮ್ಮ.

ಭಾಗ್ಯಮ್ಮ ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಚಿಕ್ಕಸಿದ್ದಮ್ಮ ಬಂದವಳೇ ಎದುರಿಗೆ ಕೂತು ತಾನೂ ಸುಲಿಯತೊಡಗಿದಳು. ಒಂದು ಮೊರ ತುಂಬಿತು. ಅವಳ ಚೊಚ್ಚಲ ಗಂಡುಮಗು ಹುಟ್ಟಿದ ವಾರದಲ್ಲೇ ಹೋಗಿತ್ತು. ಮುದಿ ನೇರಳೆಯ ಬುಡದಲ್ಲಿತ್ತು. ಈಗ ಅದಕ್ಕೂ ನೀರಿಗೂ ನಡುವೆ ಉಳಿದಿದ್ದು ಒಂದು ಎತ್ತು ಮಲಗುವಷ್ಟು ಜಾಗ.

"ಏನ್ ಕೇಳಾಕ್ ಬಂದಿದ್ದೀಯ ಅಂತ ಗೊತ್ತು ಕಣೆ ನಂಗೆ" ಎಂದಳು ಭಾಗ್ಯಮ್ಮ.

"ನಾನೇನೂ ಕೇಳ್ಲಿಲ್ವಲ್ಲಕ್ಕ."

"ಕೇಳ್ದಿದ್ರೆ ಎದ್ದೋಗು ಮತ್ತೆ."

ಚಿಕ್ಕಸಿದ್ದಮ್ಮ ಏಳಲಿಲ್ಲ. "ಅದುಕ್ಕೆ ಎಸ್ರೂ ಇಟ್ಟಿರ್ಲಿಲ್ಲ ಕಣಕ್ಕ ನಾನು. ಎಸ್ರಿಡೋ ಮೊದ್ಲೇ ಓಯ್ತು. ನಿನ್ಗಾರೆ ಚಿನ್ನು ಅಂತ ಕರ್ಯಾಕಾದ್ರೂ ಅದೆ. ನನ್ಗೆ ಆ ಮರದ್ ಬುಡ ಒಂದೇ."

ಭಾಗ್ಯಮ್ಮನ ಕೈಯಲ್ಲಿದ್ದ ಕಾಯಿ ಸುಲಿಯದೆ ಹಾಗೇ ಉಳಿಯಿತು.

"ನೀನೂ ಬೇರು ಒತ್ತಿದ್ಯಲ್ಲೇ ಅವತ್ತು" ಎಂದಳು, ಮೆಲ್ಲಗೆ.

"ಒತ್ತಿದ್ದೆ. ಮರೀತೀನಾ? ಎಲೆ ಕೆನ್ನೇಗ್ ಇಟ್ಕಂಡು ನಕ್ಕಿದ್ದೂ ಮರ್ತಿಲ್ಲ" ಎಂದು ಚಿಕ್ಕಸಿದ್ದಮ್ಮ ಮೊರ ಸರಿಸಿ ಎದ್ದಳು. ಹೊರಡುವಾಗ ಸಿಪ್ಪೆಯನ್ನೆಲ್ಲ ಬಾಚಿ ದನಕ್ಕೆ ಹಾಕಿ ಹೋದಳು.

ಆ ದಿನ ಮಧ್ಯಾಹ್ನ ಭಾಗ್ಯಮ್ಮ ಒಬ್ಬಳೇ ಸೇತುವೆ ಬಳಸಿ ತಿಟ್ಟಿಗೆ ಹೋದಳು. ಲಕ್ಕಿ ಹೂಬಿಟ್ಟಿತ್ತು, ನೀಲಿ ನೀಲಿ. ಅದರ ನೆರಳಿನಲ್ಲಿ ಕೂತು ಈಚೆ ದಡವನ್ನು ನೋಡಿದಳು. ಅಲ್ಲಿಂದ ನೋಡಿದರೆ ಎಲ್ಲ ಸರಿಯಾಗಿ ಕಾಣಿಸಿತು. ತಿಟ್ಟಿನ ಮೂಗಿಗೆ ತಾಗಿ ನೀರು ಎರಡಾಗುತ್ತಿತ್ತು, ದೊಡ್ಡ ಪಾಲು ಓರೆಯಾಗಿ ಹೋಗಿ ನೇರಳೆಯ ಬೇರಿಗೆ ಬಡಿಯುತ್ತಿತ್ತು, ಬಡಿದಾಗೊಮ್ಮೆ ಒಂದು ಹಿಡಿ ಮಣ್ಣು ಬೀಳುತ್ತಿತ್ತು. ಬಿದ್ದ ಮಣ್ಣು ಕೆಂಪಗೆ ಕರಗಿ ನೀರಿನೊಂದಿಗೆ ಹೋಗುತ್ತಿತ್ತು. ಎಲ್ಲಿಗೋ ಹೋಗಿ ಇನ್ನಾವುದೋ ಗಿಡಕ್ಕೆ ಸಿಕ್ಕಿಕೊಳ್ಳುತ್ತದೆ. ಯಾರ ಮಗುವೋ, ಯಾರ ಹೊಲವೋ, ಹೊಳೆಗೆ ಬೇಕಿಲ್ಲ.

"ಸಾಕು ಬುಡು ಮಗಾ" ಎಂದಳು, ಮಣ್ಣು ತಿನ್ನುವಾಗ ಅನ್ನುತ್ತಿದ್ದ ದನಿಯಲ್ಲೇ. "ಬೇರೆ ಮಕ್ಳುದ್ನ ತಿನ್ಬಾರ್ದು."

ಮನೆಗೆ ಬಂದು ಗಂಡನಿಗೆ ಅಂದಳು, "ಗುದ್ಲಿ ಕಾವು ಸಡ್ಲಾಗದೆ. ಬಿಗಿ ಮಾಡ್ಕೊಡಿ ನಂಗೆ."

ಮಂಟಯ್ಯ ಅವಳ ಮುಖ ನೋಡಿದ. "ಬ್ಯಾಡ ಕಣಮ್ಮಿ. ನಿನ್ ಕೈಲಿ ಆಗಾಕಿಲ್ಲ. ನಾನ್ ಆಕ್ತೀನಿ ಬುಡು."

"ಎಡೆ ಇಟ್ಟೋಳು ನಾನು."

ಅವನು ಜಗಲಿಯ ಮೇಲೆ ಕೂತು, ಗುದ್ದಲಿಯ ಕಾವಿಗೆ ಬೆಣೆ ಹೊಡೆದ. ಒಂದು ಬೆಣೆ ಸಾಕಿತ್ತು. ಹೊಡೆಯುತ್ತಲೇ ಇದ್ದ. ಕೊನೆಗೆ ಗುದ್ದಲಿಯನ್ನು ಗೋಡೆಗೆ ಒರಗಿಸಿ, ಪಂಚೆಯ ತುದಿಯಿಂದ ಮುಖ ಒರೆಸಿಕೊಂಡು, "ನಂಗೂ ಮಗಳೇ ಕಣೆ" ಎಂದ. ಅಷ್ಟು ವರ್ಷದಲ್ಲಿ ಆ ಮಾತನ್ನು ಅವನು ಆಡಿದ್ದು ಅದೊಂದೇ ಸಲ.

ಹೊಳೆ ಬತ್ತಿ ನಿಂತ ಬೇಸಿಗೆಯಲ್ಲಿ ಕೆಲಸ ಶುರುವಾಯಿತು. ಊರಿನ ಗಂಡಸರೆಲ್ಲ ಹಾರೆ ಗುದ್ದಲಿ ಹಿಡಿದು ಮರಳಿನ ಮೇಲೆ ನಿಂತಿದ್ದರು. ಕಾಂತರಾಜು ಎಮ್ಮೆಗಳನ್ನು ಕಟ್ಟಿಹಾಕಿ ಬಂದಿದ್ದ. ಭಾಗ್ಯಮ್ಮ ಲಕ್ಕಿಯ ಬುಡಕ್ಕೆ ಹಾಲು ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಗುದ್ದಲಿ ಎತ್ತಿದಳು. ಮೊದಲ ಏಟಿಗೆ ಬೇರಿನ ವಾಸನೆ ಎದ್ದು ಬಂತು. ಅತ್ತೆ ಕಡ್ಡಿ ನೆಟ್ಟ ದಿನದ ವಾಸನೆ. ಅವಳು ಗುದ್ದಲಿ ಕೆಳಗಿಟ್ಟು ದೂರ ಹೋಗುತ್ತಾಳೆಂದು ಎಲ್ಲರೂ ಕಾದರು. ಅವಳು ಹೋಗಲಿಲ್ಲ.

ತೋಡುತ್ತಾ ಹೋದಂತೆ ತಿಟ್ಟಿನ ಒಳಮೈ ಕಾಣಿಸಿತು. ಪದರದ ಮೇಲೆ ಪದರ. ಒಂದು ಮಳೆಗಾಲದ ಮರಳು, ಅದರ ಮೇಲೆ ಕೊಳೆತ ಎಲೆಯ ಕಪ್ಪು ಗೆರೆ, ಅದರ ಮೇಲೆ ಕೊಡಗಿನ ಕೆಮ್ಮಣ್ಣು, ಮತ್ತೆ ಮರಳು. ಎಲ್ಲವನ್ನೂ ಹೊಲಿಗೆ ಹಾಕಿದಂತೆ ಲಕ್ಕಿಯ ಬೇರು ತೂರಿಕೊಂಡು ಹೋಗಿತ್ತು. ಗಂಡಸರು ಮೇಲೆತ್ತಿ ಹಾಕಿದ ಮಣ್ಣನ್ನು ಭಾಗ್ಯಮ್ಮ ಹಿಡಿ ಹಿಡಿಯಾಗಿ ಬೆರಳ ಸಂದಿಯಲ್ಲಿ ಸೋಸತೊಡಗಿದಳು.

"ಏನ್ ಉಡುಕ್ತಾ ಇದ್ದೀಯಕ್ಕ?" ಎಂದಳು ಚಿಕ್ಕಸಿದ್ದಮ್ಮ.

"ಕರಿಮಣಿ. ಚಿನ್ನು ಕತ್ತಿಗೆ ಕಟ್ಟಿದ್ದೆ. ಬಿಚ್ಚಿರ್ಲಿಲ್ಲ."

ಚಿಕ್ಕಸಿದ್ದಮ್ಮ ಪಕ್ಕದಲ್ಲಿ ಕೂತು ತಾನೂ ಸೋಸಿದಳು. ಮಧ್ಯಾಹ್ನದ ಹೊತ್ತಿಗೆ ವಿಮಲಮ್ಮನೂ ಬಂದು ಸೇರಿಕೊಂಡಳು. ಬಸವನಹುಳುವಿನ ಚಿಪ್ಪು ಸಿಕ್ಕಿತು. ಏಡಿಯ ಕೊಂಡಿ ಸಿಕ್ಕಿತು. ಮಡಕೆಯ ಚೂರು, ಯಾರದೋ ಹವಾಯಿ ಚಪ್ಪಲಿಯ ಪಟ್ಟಿ. ಬಿಸಿಲು ಇಳಿಯುವಾಗ ಭಾಗ್ಯಮ್ಮನ ಬೆರಳಿಗೆ ಗುಂಡಗೆ, ಕಪ್ಪಗೆ, ಗಟ್ಟಿಯಾಗಿ ಏನೋ ತಾಗಿತು. ಹೆಬ್ಬೆರಳಿನಿಂದ ಉಜ್ಜಿದಳು. ಮೂವರೂ ಬಗ್ಗಿ ನೋಡಿದರು. ತುದಿಯಲ್ಲಿ ತೊಟ್ಟು ಇತ್ತು. ಅದು ಒಣಗಿದ ಲಕ್ಕಿಕಾಯಿ.

"ಮಣಿ ತರಾನೇ ಅದೆ" ಎಂದಳು ವಿಮಲಮ್ಮ. ಅವಳು ಭಾಗ್ಯಮ್ಮನೊಂದಿಗೆ ಮಾತಾಡಿ ವರ್ಷವಾಗಿತ್ತು.

ಭಾಗ್ಯಮ್ಮ ಅದನ್ನು ಎಸೆಯಲಿಲ್ಲ. ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡು ಎದ್ದಳು. ಕಿತ್ತು ರಾಶಿ ಹಾಕಿದ್ದ ಲಕ್ಕಿಯ ಕೊಂಬೆಗಳನ್ನು ಗಂಡಸರು ಸೌದೆಗೆಂದು ಹೊರೆ ಕಟ್ಟುತ್ತಿದ್ದರು. ಅವಳು ಹೋಗಿ ಹೊರೆ ಬಿಚ್ಚಿದಳು.

"ಇದ್ನ ಒಲೆಗ್ ಆಕ್ಬ್ಯಾಡಿ."

ಮಾರನೇ ದಿನ ಬೆಳಿಗ್ಗೆ ಹೆಂಗಸರು ಕೂಸಿನ ದಡದ ಇಳಿಜಾರಿನಲ್ಲಿ ಲಕ್ಕಿಕಡ್ಡಿ ನೆಟ್ಟರು. ನೇರಳೆಯ ಬೇರಿನ ಸಂದಿಯಲ್ಲಿ, ಬೊಡ್ಡೆ ಕಿತ್ತ ಹಳೆಯ ಗುಂಡಿಗಳಲ್ಲಿ, ಕುಸಿದ ಅಂಚಿನುದ್ದಕ್ಕೂ. ಮಂಟಯ್ಯ ಹಾರೆಯಿಂದ ತೂತು ಮಾಡಿಕೊಡುತ್ತಾ ಹೋದ. ಬೇಸಿಗೆಯಿಡೀ ಭಾಗ್ಯಮ್ಮ ಬಿಂದಿಗೆಯಲ್ಲಿ ಹೊಳೆಯ ನೀರನ್ನೇ ಹೊತ್ತು ಹೊಯ್ದಳು. ಬಹಳಷ್ಟು ಒಣಗಿದವು. ಕೆಲವು ಉಳಿದವು. ಯಾವುದು ಹಿಡಿಯುತ್ತದೆ ಯಾವುದು ಬಿಡುತ್ತದೆ ಎಂದು ಮೊದಲೇ ಹೇಳಲು ಬರುವಂತಿರಲಿಲ್ಲ.

ಮಳೆಗಾಲಕ್ಕೆ ತಿಟ್ಟು ಪೂರ್ತಿ ಹೋಯಿತು. ಮೊದಲ ಕೆಂಪು ನೀರಿಗೇ ಕಾಲುವೆ ಬಾಯಿ ಅಗಲಿಸಿಕೊಂಡು, ಉಳಿದ ಮಣ್ಣನ್ನು ಎರಡೂ ಕಡೆಯಿಂದ ನೆಕ್ಕಿ ಮುಗಿಸಿತು. ಭಾಗ್ಯಮ್ಮ ಈ ಸಲ ಓಡಲಿಲ್ಲ. ಹೊಲದಲ್ಲಿ ಕಳೆ ಕೀಳುತ್ತಲೇ ಇದ್ದಳು. ಕೈ ಮಾತ್ರ ಒಂದೆರಡು ಕಡೆ ಕಳೆಯ ಬದಲು ಸೊಪ್ಪಿನ ಸಸಿಯನ್ನೇ ಕಿತ್ತಿತ್ತು.

ಮಾರ್ಲಮಿ ಬಂತು. ಕಜ್ಜಾಯ ಬೇಯಿಸಿ, ಹಿರಿಯರ ಎಡೆ ಇಟ್ಟು, ಸಣ್ಣ ಎಲೆ ಹಿಡಿದು ಹೊರಟಳು. ಎಲ್ಲಿಗೆಂದು ಅವಳಿಗೇ ಗೊತ್ತಿರಲಿಲ್ಲ, ಕಾಲು ಅಭ್ಯಾಸಕ್ಕೆ ನಡೆದಿತ್ತು. ಮುದಿ ನೇರಳೆಯ ಕೆಳಗೆ ಚಿಕ್ಕಸಿದ್ದಮ್ಮ ಕೂತಿದ್ದಳು. ತನ್ನ ಮಗುವಿನ ಎಲೆಯ ಪಕ್ಕ ಇನ್ನೊಂದು ಎಲೆಗೆ ಆಗುವಷ್ಟು ಜಾಗ ಗುಡಿಸಿ, ನೀರು ಚಿಮುಕಿಸಿ ಇಟ್ಟಿದ್ದಳು.

"ಇಲ್ ಇಡಕ್ಕ. ನನ್ ಮಗ ಒಂಟಿಯಾಗ್ ಉಣ್ಣಾಕೆ ಬ್ಯಾಜಾರ್ ಮಾಡ್ಕತ್ತಾನೆ."

"ಚಿನ್ನು ಕಿತ್ಕಂಡ್ ತಿಂತಾಳೆ ಕಣೆ. ಆಮ್ಯಾಕೆ ನಂಗ್ ಏಳ್ಬ್ಯಾಡ."

"ತಿನ್ಲಿ ಬುಡು. ಅಕ್ಕ ಅಲ್ವಾ."

ಇಬ್ಬರೂ ನಕ್ಕರು. ನಗು ಅರ್ಧಕ್ಕೇ ಮುರಿದು ಇಬ್ಬರೂ ಬೇರೆ ಬೇರೆ ಕಡೆ ನೋಡಿದರು. ಎಲೆ ಇಟ್ಟು, ಕೈಮುಗಿದು, ತಿರುಗಿ ನೋಡದೆ ಬಂದರು.

ಸಂಜೆ ಹೊಳೆಯ ಮೇಲ್ಭಾಗದಲ್ಲಿ ಎಲ್ಲೋ ಜೋರು ಮಳೆಯಾಯಿತು. ಬೆಳಿಗ್ಗೆ ಭಾಗ್ಯಮ್ಮ ಹೋಗಿ ನೋಡಿದಾಗ ಹೊಳೆ ನೇರಳೆಯ ಬುಡದವರೆಗೂ ಏರಿ ಇಳಿದು ಹೋಗಿತ್ತು. ದಡ ಅಲ್ಲಲ್ಲಿ ಕುಸಿದಿತ್ತು, ಅಲ್ಲಲ್ಲಿ ನಿಂತಿತ್ತು. ಲಕ್ಕಿಕಡ್ಡಿಗಳು ನೀರು ಹೋದ ದಿಕ್ಕಿಗೆ ಒರಗಿ, ಕಸ ಹಿಡಿದುಕೊಂಡು ನಿಂತಿದ್ದವು. ಅವುಗಳ ಹಿಂದೆ ಎರಡೂ ಎಲೆಗಳು ಇಟ್ಟ ಜಾಗದಲ್ಲೇ ಇದ್ದವು. ಅನ್ನ ಇರಲಿಲ್ಲ, ಕಜ್ಜಾಯ ಇರಲಿಲ್ಲ. ಎಲೆಯ ತುಂಬ ಹೊಳೆ ತಂದುಬಿಟ್ಟ ನುಣುಪಾದ ಕೆಂಪು ಮಣ್ಣು, ಬಡಿಸಿದಂತೆ, ಇನ್ನೂ ಹಸಿಯಾಗಿ.

ಒರೆಸಲೆಂದು ಬಗ್ಗಿದಳು. ಕೈ ಅರ್ಧಕ್ಕೆ ನಿಂತಿತು.

ಬಾಯಿಗೆ ಬೆರಳು ಹಾಕಿ ತೆಗೆದದ್ದು, ಕೈಗೆ ಬೇವಿನೆಣ್ಣೆ ಹಚ್ಚಿದ್ದು ನೆನಪಾಯಿತು. ಅವಳು ಅಲ್ಲೇ ಒದ್ದೆ ನೆಲದ ಮೇಲೆ ಕೂತಳು.

"ಉಣ್ಣವ್ವ" ಎಂದಳು. "ಒಡ್ಯಾಕಿಲ್ಲ."